ನಿಸ್ತಂತುವಿನ ಆಚಾರ್ಯ ಜಗದೀಶಚಂದ್ರ ಬೋಸರು

ತಂತಿಯ ಹಂಗಿಲ್ಲದೆ ಸುದ್ದಿಯನ್ನು ಸಾಗಿಸುವ ವಿದ್ಯೆ ಇಂದು ನಮ್ಮ ಚೆನ್ನೈ ನಗರದ ಮನೆಮನೆಗಳಲ್ಲಿಯೂ ನೆಲೆಸಿದೆ. ಮೂಲೆಯಲ್ಲೊಂದು ಪುಟ್ಟ ಪೆಟ್ಟಿಗೆ, ಅದರಲ್ಲಿ ಮಿನುಗುವ ನಾಲ್ಕಾರು ದೀಪಗಳು. ಅಷ್ಟರಿಂದಲೇ ಕಂಪ್ಯೂಟರು ಜಗತ್ತಿನೊಡನೆ ಮಾತನಾಡುತ್ತದೆ. ಆ ಪೆಟ್ಟಿಗೆ ಮುನಿಸಿಕೊಂಡಾಗ ನಾವು ಮಾಡುವ ಮೊದಲ ಕೆಲಸ ಅದನ್ನು ಆರಿಸಿ ಮತ್ತೆ ಹೊತ್ತಿಸುವುದು. ಅದಕ್ಕೂ ಬಗ್ಗದಿದ್ದರೆ ಮೆಲ್ಲನೆ ತಟ್ಟುವುದು. ಈ ತಟ್ಟುವ ಸಂಪ್ರದಾಯ ಹೊಸದಲ್ಲ. ನೂರಮೂವತ್ತು ವರ್ಷಗಳ ಹಿಂದೆ, ನಿಸ್ತಂತು ವಿದ್ಯೆ ಇನ್ನೂ ತೊಟ್ಟಿಲಲ್ಲಿದ್ದಾಗ, ಅದರ ಗ್ರಾಹಕಯಂತ್ರವನ್ನು ಪ್ರತಿಯೊಂದು ಸಂಕೇತ ಬಂದ ಬಳಿಕವೂ ತಟ್ಟಿಯೇ ಎಚ್ಚರಿಸಬೇಕಾಗಿತ್ತು. ತಟ್ಟಿದೊಡನೆ ಯಂತ್ರ ಸರಿಹೋಯಿತೆಂದು ತೃಪ್ತರಾಗದೆ, ಅದು ಕೆಟ್ಟುದೇಕೆಂದು ಬಿಡದೆ ವಿಚಾರಿಸಿದವರಲ್ಲಿ ಅಗ್ರಗಣ್ಯರು ಬಂಗಾಳದ ಒಬ್ಬ ಉಪಾಧ್ಯಾಯರು. ಅವರೇ ಆಚಾರ್ಯ ಜಗದೀಶಚಂದ್ರ ಬೋಸರು.

ಬೋಸರು ಜನಿಸಿದ್ದು 1858ನೆಯ ನವೆಂಬರ್ 30ರಂದು, ಇಂದು ಬಾಂಗ್ಲಾದೇಶಕ್ಕೆ ಸೇರಿರುವ ಪೂರ್ವಬಂಗಾಳದಲ್ಲಿ. ಅವರ ವಂಶದ ಮೂಲ ವಿಕ್ರಮಪುರ ಸೀಮೆಯ ರಾಢಿಖಾಲ್ ಎಂಬ ಗ್ರಾಮ. ತಂದೆ ಭಗವಾನ್‌ಚಂದ್ರ ಬೋಸರು ಸರ್ಕಾರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟರು, ಬ್ರಹ್ಮಸಮಾಜದವರು, ಉದಾರಚರಿತರು. ಆ ಕಾಲದಲ್ಲಿ ಅಂಥ ಅಧಿಕಾರಿಗಳ ಮಕ್ಕಳೆಲ್ಲ ಇಂಗ್ಲಿಷ್ ಶಾಲೆಗೇ ಹೋಗುವುದು ವಾಡಿಕೆಯಾಗಿತ್ತು. ಭಗವಾನ್‌ಚಂದ್ರರು ಮಾತ್ರ ತಮ್ಮ ಮಗನನ್ನು ಫರೀದ್‌ಪುರದ ಬಂಗಾಳಿ ಪಾಠಶಾಲೆಗೆ ಸೇರಿಸಿದರು. ಹುಡುಗನು ಮೊದಲು ತನ್ನ ನುಡಿಯನ್ನೂ ತನ್ನ ಜನರನ್ನೂ ಅರಿಯಲಿ, ಪರಭಾಷೆ ಆಮೇಲೆ ಬರಲಿ ಎಂಬುದು ಅವರ ನಿಲುವು. ಶಾಲೆಯಲ್ಲಿ ಜಗದೀಶನ ಬಲಗಡೆ ತಂದೆಯ ಮುಸಲ್ಮಾನ ಜವಾನನ ಮಗ, ಎಡಗಡೆ ಒಬ್ಬ ಬೆಸ್ತರ ಹುಡುಗ. ಹಕ್ಕಿಗಳ, ಮೃಗಗಳ, ನೀರಿನಲ್ಲಿ ಬಾಳುವ ಜೀವಿಗಳ ಕಥೆಗಳನ್ನು ಈ ಗೆಳೆಯರಿಂದ ಅವನು ಬೆರಗಾಗಿ ಕೇಳುತ್ತಿದ್ದನು. ಪ್ರಕೃತಿಯನ್ನು ಕಣ್ಣಿಟ್ಟು ನೋಡುವ ಬಯಕೆ ತಮ್ಮಲ್ಲಿ ಮೊಳೆತದ್ದು ಅಲ್ಲಿಯೇ ಎಂಬುದನ್ನು ಮುಂದೆ ಅವರು ಕೃತಜ್ಞತೆಯಿಂದ ಸ್ಮರಿಸಿದ್ದಾರೆ.

ಪರಸ್ಥಳದಲ್ಲಿದ್ದು ಕನ್ನಡದಲ್ಲಿ ವಿಜ್ಞಾನವನ್ನು ಓದುತ್ತಿರುವ ನಿಮಗೆ, ಇದರಿಂದ ಮುಂದೇನು ಎಂದು ಕೇಳುವ ಹಿತೈಷಿಗಳು ಆಗಾಗ ಎದುರಾಗುವರು. ಅವರ ಕಾಳಜಿಯನ್ನು ನಾನು ಅಲ್ಲಗಳೆಯಲಾರೆ. ಹತ್ತನೆಯ ತರಗತಿಯವರೆಗೂ ಕನ್ನಡದಲ್ಲಿಯೇ ಓದಿ ಈ ಊರಿಗೆ ಬಂದ ನನಗೂ ಆ ಪ್ರಶ್ನೆಯ ಪರಿಚಯವುಂಟು. ಬೋಸರ ಬಾಲ್ಯವನ್ನು ಇಷ್ಟು ವಿಸ್ತರಿಸಿ ಬರೆಯುವುದಕ್ಕೆ ಅದೂ ಒಂದು ಕಾರಣ. ಆದರೆ ಒಂದನ್ನು ಸೇರಿಸಿ ಹೇಳಲೇಬೇಕು. 1869ರಲ್ಲಿ ಅವರು ಕಲ್ಕತ್ತೆಗೆ ಬಂದು ಹೇರ್ ಶಾಲೆಯನ್ನೂ ಬಳಿಕ ಸೇಂಟ್ ಝೇವಿಯರ್ ಶಾಲೆಯನ್ನೂ ಸೇರಿದಾಗ ಇಂಗ್ಲಿಷ್ ಅವರಿಗೆ ಸುಲಭವಾಗಿ ಒಲಿಯಲಿಲ್ಲ. ಸಹಪಾಠಿಗಳು ಹಳ್ಳಿಯ ಹುಡುಗನೆಂದು ಗೇಲಿ ಮಾಡಿದರು. ಅದನ್ನು ಸಹಿಸಿ ಕಷ್ಟಪಟ್ಟು ಕಲಿತರು. ಮುಂದೆ ಅದೇ ಭಾಷೆಯಲ್ಲಿ ಲಂಡನ್ನಿನ ಪಂಡಿತಮಂಡಲಿಯ ಎದುರು ಉಪನ್ಯಾಸ ಮಾಡಿದರು. ಬಂಗಾಳಿಯನ್ನು ಮಾತ್ರ ಕೈಬಿಡಲಿಲ್ಲ.

ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಲಾಫೋಂ ಎಂಬ ಬೆಲ್ಜಿಯಂ ದೇಶದ ಪಾದ್ರಿಗಳು ಭೌತವಿಜ್ಞಾನವನ್ನು ಬೋಧಿಸುತ್ತಿದ್ದರು. ಬಾಯಿಮಾತಿನಲ್ಲಿ ಮುಗಿಸದೆ ಪ್ರತಿಯೊಂದು ತತ್ತ್ವವನ್ನೂ ಪ್ರಯೋಗದಿಂದ ತೋರಿಸುವುದು ಅವರ ಪದ್ಧತಿ. ಬೋಸರಿಗೆ ವಿಜ್ಞಾನದ ರುಚಿ ಹತ್ತಿದ್ದು ಅವರಿಂದ. ಪದವಿ ಪಡೆದ ಬಳಿಕ 1880ರಲ್ಲಿ ವೈದ್ಯವಿದ್ಯೆಗಾಗಿ ಲಂಡನ್ನಿಗೆ ತೆರಳಿದರು. ಮೊದಲೇ ಮೈಯಲ್ಲಿ ಮನೆಮಾಡಿದ್ದ ಜ್ವರವು ಶವಚ್ಛೇದನದ ಕೊಠಡಿಯ ವಾಸನೆಯಿಂದ ಉಲ್ಬಣಿಸಿತು. ವೈದ್ಯವಿದ್ಯೆಯನ್ನು ಬಿಟ್ಟು ಕೇಂಬ್ರಿಜ್ಜಿನ ಕ್ರೈಸ್ಟ್ಸ್ ಕಾಲೇಜನ್ನು ಸೇರಿ, ಲಾರ್ಡ್ ರ‍್ಯಾಲೆಯಂಥ ಮಹಾವಿಜ್ಞಾನಿಯ ಶಿಷ್ಯರಾಗಿ, 1884ರಲ್ಲಿ ಪದವೀಧರರಾದರು.

ಸ್ವದೇಶಕ್ಕೆ ಹಿಂದಿರುಗಿದ ಬೋಸರಿಗೆ 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರ ಹುದ್ದೆ ದೊರೆಯಿತು. ಹುದ್ದೆ ದೊರೆಯಿತು, ಗೌರವ ದೊರೆಯಲಿಲ್ಲ. ಯೂರೋಪಿಯನ್ ಪ್ರಾಧ್ಯಾಪಕರು ಪಡೆಯುವ ವೇತನದಲ್ಲಿ ಮೂರರಲ್ಲಿ ಎರಡು ಪಾಲು ಮಾತ್ರ ಭಾರತೀಯರಿಗೆ. ನೇಮಕವು ತಾತ್ಕಾಲಿಕವೆಂಬ ನೆವದಿಂದ ಬೋಸರಿಗೆ ಅದರಲ್ಲಿಯೂ ಅರ್ಧ. ಅವರು ಕೂಗಾಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಮೂರು ವರ್ಷಗಳ ಕಾಲ ಒಂದು ಕಾಸೂ ವೇತನವನ್ನು ಮುಟ್ಟದೆ ಪಾಠ ಹೇಳಿದರು. ಕೊನೆಗೆ ಅಧಿಕಾರಿಗಳು ಮಣಿದು, ಹಿಂದಿನ ದಿನಾಂಕದಿಂದಲೇ ಪೂರ್ಣ ವೇತನವನ್ನು ಮಂಜೂರು ಮಾಡಿದರು. ಆ ಹಣ ತಂದೆಯ ಸಾಲಗಳನ್ನು ತೀರಿಸುವುದಕ್ಕೆ ಒದಗಿತು; ಜನೋಪಯೋಗಿ ಉದ್ಯಮಗಳಿಗೆ ಕೈಹಾಕಿ ಭಗವಾನ್‌ಚಂದ್ರರು ಸಾಲದಲ್ಲಿ ಮುಳುಗಿದ್ದರು.

ಈ ಕಷ್ಟದ ದಿನಗಳಲ್ಲಿಯೇ, 1887ರಲ್ಲಿ, ಅಬಲಾ ದಾಸ್ ಎಂಬ ವಿದ್ಯಾವತಿಯೊಡನೆ ಅವರ ವಿವಾಹವಾಯಿತು. ಈಕೆಯ ವೃತ್ತಾಂತ ನಮ್ಮ ಊರಿಗೆ ಸಂಬಂಧಪಟ್ಟದ್ದು. ಕಲ್ಕತ್ತೆಯ ವೈದ್ಯಕೀಯ ಕಾಲೇಜು ಅಂದು ಹೆಣ್ಣುಮಕ್ಕಳಿಗೆ ಬಾಗಿಲನ್ನು ತೆರೆದಿರಲಿಲ್ಲ. ಮದರಾಸಿನ ವೈದ್ಯಕೀಯ ಕಾಲೇಜಾದರೋ 1875ರಲ್ಲಿಯೇ ತೆರೆದಿತ್ತು. ಆದುದರಿಂದ ಅಬಲಾದೇವಿಯವರು 1882ರಲ್ಲಿ ಬಂಗಾಳ ಸರ್ಕಾರದ ವಿದ್ಯಾರ್ಥಿವೇತನವನ್ನು ಪಡೆದು ಇಲ್ಲಿಗೆ ಬಂದು ಓದಿದರು. ಆರೋಗ್ಯ ಕೆಟ್ಟು ವ್ಯಾಸಂಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಇಂದಿಗೂ ಸೆಂಟ್ರಲ್ ರೈಲುನಿಲ್ದಾಣದ ಎದುರಿಗಿರುವ ಆ ಕಾಲೇಜಿನ ಮುಂದೆ ಹಾದುಹೋಗುವಾಗ, ಪರಭಾಷೆಯ ಊರಿಗೆ ಓದಲು ಬಂದ ಆ ತರುಣಿಯನ್ನು ನಮ್ಮ ಬಾಲಿಕೆಯರು ಒಮ್ಮೆ ನೆನೆಯಬಹುದು.

ಇನ್ನು ನಿಸ್ತಂತುವಿನ ವಿಷಯ. ಬೆಳಕಿನಂತೆಯೇ ಚಲಿಸುವ, ಆದರೆ ಕಣ್ಣಿಗೆ ಕಾಣದ ವಿದ್ಯುತ್ತಿನ ಅಲೆಗಳು ಇರಬೇಕೆಂದು ಮ್ಯಾಕ್ಸ್‌ವೆಲ್ ಎಂಬ ಪಂಡಿತರು ಗಣಿತದಿಂದ ಸಾಧಿಸಿದ್ದರು. ಜರ್ಮನಿಯ ಹರ್ಟ್ಸ್ ಅವನ್ನು 1887ರ ಸುಮಾರಿಗೆ ಪ್ರಯೋಗದಿಂದ ಉಂಟುಮಾಡಿ ತೋರಿಸಿದರು. 1894ರ ಜನವರಿ 1ರಂದು ಹರ್ಟ್ಸ್ ತೀರಿಕೊಂಡಾಗ ಅವರಿಗೆ ಮೂವತ್ತಾರೇ ವರ್ಷ. ಅದೇ ವರ್ಷ ತಮ್ಮ ಮೂವತ್ತಾರನೆಯ ಹುಟ್ಟುಹಬ್ಬದಂದು ಬೋಸರು ಸಂಶೋಧನೆಗೆ ಬಾಳನ್ನು ಮೀಸಲಿಡುವೆನೆಂದು ಸಂಕಲ್ಪ ಮಾಡಿದರು. ಸಂಕಲ್ಪವೇನೋ ದೊಡ್ಡದು, ಪ್ರಯೋಗಶಾಲೆಯಾಗಿ ದೊರೆತುದು ಸ್ನಾನದ ಕೋಣೆಯ ಪಕ್ಕದ ಒಂದು ಇಕ್ಕಟ್ಟಾದ ಸ್ಥಳ. ಸಹಾಯಕನೆಂದರೆ ಒಬ್ಬ ತಗಡಿನ ಕೆಲಸಗಾರ. ಬೇಕಾದ ಉಪಕರಣಗಳನ್ನು ಅವನಿಗೆ ಹೇಳಿಕೊಟ್ಟು ಅಲ್ಲಿಯೇ ಮಾಡಿಸಿದರು.

ಹರ್ಟ್ಸರ ಅಲೆಗಳು ಬಲು ಉದ್ದವಾಗಿದ್ದುವು. ಅವುಗಳ ಗುಣವನ್ನು ಮೇಜಿನ ಮೇಲೆ ಪರೀಕ್ಷಿಸಬೇಕಾದರೆ ಭಾರಿ ಗಾತ್ರದ ಸಾಮಗ್ರಿ ಬೇಕು. ಬೋಸರು ಅಲೆಯನ್ನೇ ಚಿಕ್ಕದು ಮಾಡಿದರು. 5 ಮಿಲಿಮೀಟರಿನಷ್ಟು ಸಣ್ಣ ಅಲೆಗಳನ್ನು ಉತ್ಪಾದಿಸಿ, ಒಂದು ಚಿಕ್ಕ ಪೆಟ್ಟಿಗೆಯಲ್ಲಿ ಅಡಗುವಷ್ಟು ಉಪಕರಣಗಳಿಂದ, ಈ ಅಲೆಗಳೂ ಬೆಳಕಿನಂತೆ ಪ್ರತಿಫಲಿಸುತ್ತವೆ, ಬಾಗುತ್ತವೆ, ಧ್ರುವೀಕರಣ ಹೊಂದುತ್ತವೆ ಎಂದು ತೋರಿಸಿದರು. ಧ್ರುವೀಕರಣಕ್ಕಾಗಿ ಅವರು ಬಳಸಿದ ಒಂದು ಸಾಧನ ಯಾವುದೆಂದು ತಿಳಿದರೆ ನೀವು ನಗುವಿರಿ: ಹಾಳೆಹಾಳೆಯ ನಡುವೆ ತವರದ ತೆಳುತಗಡನ್ನು ಸೇರಿಸಿದ ಒಂದು ರೈಲ್ವೆ ವೇಳಾಪಟ್ಟಿಯ ಪುಸ್ತಕ! ಹೊಸೆದ ಸೆಣಬನ್ನೂ ಅವರು ಬಿಡಲಿಲ್ಲ. 1895ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ಸಾರ್ವಜನಿಕ ಪ್ರದರ್ಶನ ನಡೆಯಿತು. ಅಲೆಗಳು ಗೋಡೆಗಳನ್ನೂ, ಸಭಾಧ್ಯಕ್ಷರಾಗಿದ್ದ ಲೆಫ್ಟಿನೆಂಟ್ ಗವರ್ನರರ ಸ್ಥೂಲಕಾಯವನ್ನೂ ತೂರಿಹೋಗಿ, ಎಪ್ಪತ್ತೈದು ಅಡಿಗಳ ದೂರದಲ್ಲಿ ಗಂಟೆಯನ್ನು ಬಾರಿಸಿ ಮದ್ದನ್ನು ಸಿಡಿಸಿದುವು. 1897ರ ಜನವರಿ 29ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವರು ಉಪನ್ಯಾಸ ಮಾಡಿದಾಗ ಲಾರ್ಡ್ ಕೆಲ್ವಿನ್ನರಂಥವರು ಮೆಚ್ಚಿದರು.

ಕೀರ್ತಿಯ ಈ ಸಂಗತಿಗಳು ಎಲ್ಲ ಪುಸ್ತಕಗಳಲ್ಲಿಯೂ ಇವೆ. ನನಗೆ ಅದಕ್ಕಿಂತ ಹಿರಿದಾಗಿ ಕಾಣುವುದು, ಕೆಟ್ಟುಹೋದ ಯಂತ್ರದ ಎದುರು ಅವರು ಕುಳಿತ ರೀತಿ.

ಆಗಿನ ನಿಸ್ತಂತು ಗ್ರಾಹಕಕ್ಕೆ ಕೊಹೀರರ್ ಎಂದು ಹೆಸರು. ಗಾಜಿನ ಕೊಳವೆಯೊಂದರಲ್ಲಿ ಲೋಹದ ಅರದ ಪುಡಿ. ಆ ಪುಡಿಯ ಮೂಲಕ ವಿದ್ಯುತ್ತು ಸರಾಗವಾಗಿ ಹರಿಯದು. ಅಲೆ ಬಂದು ತಾಗಿದೊಡನೆ ಪುಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡು ವಿದ್ಯುತ್ತಿಗೆ ದಾರಿ ಬಿಡುತ್ತವೆ; ಅದರಿಂದ ಗಂಟೆ ಬಾರಿಸುತ್ತದೆ. ತೊಡಕು ಇರುವುದು ಆಮೇಲೆ. ಅಂಟಿಕೊಂಡ ಕಣಗಳು ತಾವಾಗಿ ಬಿಡಿಸಿಕೊಳ್ಳುವುದಿಲ್ಲ. ತಟ್ಟಿ ಅಲುಗಿಸದೆ ಎರಡನೆಯ ಸಂಕೇತವನ್ನು ಅದು ಗ್ರಹಿಸದು. ಸಾಲದೆಂಬಂತೆ, ಇಂದು ಚುರುಕಾಗಿದ್ದ ಕೊಳವೆ ನಾಳೆ ಮಂಕಾಗುವುದು.

ಬೋಸರು ದೋಷವನ್ನು ಒಂದೊಂದಾಗಿ ಬೇರ್ಪಡಿಸಿದರು. ಪುಡಿಯ ಕಣಗಳು ಎಲ್ಲೆಲ್ಲಿ ಹೇಗೆ ತಗುಲುವುವೆಂದು ಹೇಳಲಾಗದುದರಿಂದ ಪುಡಿಯನ್ನೇ ತೆಗೆದುಹಾಕಿ, ಉಕ್ಕಿನ ಸಣ್ಣ ಸುರುಳಿಗಳನ್ನು ಸಾಲಾಗಿ ಜೋಡಿಸಿ, ಅವುಗಳ ಮೇಲಿನ ಒತ್ತಡವನ್ನು ತಿರುಪಿನಿಂದ ಹೆಚ್ಚುಕಡಿಮೆ ಮಾಡುವಂತೆ ರಚಿಸಿದರು. ಬಂಗಾಳದ ತೇವದ ಹವೆಯಲ್ಲಿ ಸುರುಳಿಗಳು ಕೆಡದಿರಲೆಂದು ಕೋಬಾಲ್ಟ್ ಲೋಹದ ಲೇಪವನ್ನು ಕೊಟ್ಟರು. ಪ್ರೇಷಕದ ಕಿಡಿಯಿಂದ ಲೋಹದ ಗುಂಡಿನ ಮೈ ಒರಟಾಗಿ ಅಲೆ ಕೆಡುವುದನ್ನು ಕಂಡು ಪ್ಲಾಟಿನಮ್ಮನ್ನು ಬಳಸಿದರು. ಬೇಡದ ಅಲೆಗಳು ಅಡ್ಡದಾರಿಯಲ್ಲಿ ಸೋರಿ ಗ್ರಾಹಕವನ್ನು ಮುಟ್ಟದಿರಲೆಂದು ಪ್ರೇಷಕವನ್ನು ಲೋಹದ ಪೆಟ್ಟಿಗೆಯೊಳಗೆ ಇರಿಸಿದರು. ಕಟ್ಟಕಡೆಗೆ 1899ರಲ್ಲಿ, ಕಬ್ಬಿಣವೂ ಪಾದರಸವೂ ನಸುವಾಗಿ ತಗುಲಿರುವಂತೆ ಮಾಡಿ, ತಟ್ಟದೆಯೇ ತಾನಾಗಿ ಚೇತರಿಸಿಕೊಳ್ಳುವ ಗ್ರಾಹಕವನ್ನು ರಾಯಲ್ ಸೊಸೈಟಿಗೆ ವರದಿ ಮಾಡಿದರು. 1901ರ ಡಿಸೆಂಬರಿನಲ್ಲಿ ಮಾರ್ಕೋನಿಯವರು ಅಟ್ಲಾಂಟಿಕ್ ಸಾಗರದಾಚೆಯಿಂದ ಬಂದ ಸಂಕೇತವನ್ನು ಆಲಿಸಿದ್ದು ಇದೇ ಜಾತಿಯ ಪಾದರಸದ ಗ್ರಾಹಕದಿಂದ. ಅದರ ಮೂಲ ಬೋಸರದೇ ಎಂದು 1998ರಲ್ಲಿ ಒಬ್ಬ ವಿದ್ವಾಂಸರು ವಿಸ್ತಾರವಾಗಿ ವಾದಿಸಿದ್ದಾರೆ. ಮಾರ್ಕೋನಿಯವರ ಸಾಹಸವನ್ನು ಇದರಿಂದ ಕಿರಿದುಮಾಡಬೇಕಾಗಿಲ್ಲ. ಸುದ್ದಿಯನ್ನು ಸಾವಿರಾರು ಮೈಲಿ ಸಾಗಿಸುವುದು ಅವರ ಗುರಿ, ಅಲೆಯ ಗುಟ್ಟನ್ನು ತಿಳಿಯುವುದು ಬೋಸರ ಗುರಿ.

ಬೋಸರ ಈ ಕ್ರಮವನ್ನು ನಮ್ಮ ಕಂಪ್ಯೂಟರ್ ಕೊಠಡಿಯಲ್ಲಿಯೂ ಅನುಸರಿಸಬಹುದು. ಅಲ್ಲಿ ಜಾಲದ ಸಂಪರ್ಕ ತಪ್ಪಿದಾಗ ನಮ್ಮ ವಿದ್ಯಾರ್ಥಿಗಳು ಕಾಣುವ ಗುಂಡಿಗಳನ್ನೆಲ್ಲ ಒತ್ತುತ್ತಾರೆ; ಏನನ್ನು ಒತ್ತಿದಾಗ ಸರಿಹೋಯಿತೆಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ. ನಿಸ್ತಂತುವಿನಲ್ಲಿ ದೋಷಕ್ಕೆ ಮೂರೇ ಸ್ಥಾನಗಳು: ಪ್ರೇಷಕ, ಗ್ರಾಹಕ, ಅವುಗಳ ನಡುವಣ ದಾರಿ. ಪಕ್ಕದ ಕಂಪ್ಯೂಟರಿಗೆ ಸಂಪರ್ಕವಿದ್ದು ನಮ್ಮದಕ್ಕೆ ಮಾತ್ರ ಇಲ್ಲದಿದ್ದರೆ ರೋಗ ನಮ್ಮ ಯಂತ್ರದಲ್ಲಿದೆ. ವೈಫೈ ಗುಂಡಿ ಆರಿದೆಯೆ, ವಿಮಾನಯಾನದ ಸ್ಥಿತಿಯಲ್ಲಿ ಯಂತ್ರ ನಿಂತಿದೆಯೆ ಎಂದು ಮೊದಲು ನೋಡಬೇಕು. ಗುಪ್ತಪದವನ್ನು ಬದಲಾಯಿಸಿದ್ದರೆ ಯಂತ್ರವು ಹಳೆಯದನ್ನೇ ಹಿಡಿದು ಬಾಗಿಲು ಬಡಿಯುತ್ತಿರುತ್ತದೆ. ಆಗ ಆ ಜಾಲವನ್ನು ಮರೆಯುವಂತೆ ಯಂತ್ರಕ್ಕೆ ಆಜ್ಞೆ ಕೊಟ್ಟು ಹೊಸದಾಗಿ ಸೇರಿಸಬೇಕು. ಯಂತ್ರದ ಗಡಿಯಾರ ಹಲವು ವರ್ಷ ಹಿಂದಿದ್ದರೂ ಹಲವು ಪುಟಗಳು ತೆರೆಯುವುದಿಲ್ಲ. ಇದು ಅನೇಕರಿಗೆ ಹೊಳೆಯುವುದೇ ಇಲ್ಲ. ಎಲ್ಲ ಯಂತ್ರಗಳೂ ಒಮ್ಮೆಗೇ ಮೂಕವಾದರೆ ರೌಟರನ್ನು ನೋಡಬೇಕು. ಸಂಪರ್ಕವಿದೆ, ಆದರೆ ಇಂಟರ್‌ನೆಟ್ ಇಲ್ಲ ಎಂದು ಯಂತ್ರ ತಿಳಿಸಿದರೆ, ನಮ್ಮ ಗಾಳಿಯ ದಾರಿ ಸರಿಯಾಗಿದೆ, ರೌಟರಿನಿಂದ ಆಚೆಗೆ ಕೆಟ್ಟಿದೆ ಎಂದು ಅರ್ಥ. ಅಂಥಲ್ಲಿ ಕಂಪ್ಯೂಟರನ್ನು ಕೆದಕಿ ಫಲವಿಲ್ಲ. ರೌಟರಿನ ವಿದ್ಯುತ್ತನ್ನು ತೆಗೆದು, ಅರ್ಧ ನಿಮಿಷ ಬಿಟ್ಟು, ಮತ್ತೆ ಕೊಟ್ಟು ನೋಡಬೇಕು; ಆಗಲೂ ಬಾರದಿದ್ದರೆ ಸೇವೆ ಒದಗಿಸುವವರಿಗೆ ತಿಳಿಸಬೇಕು.

ದಾರಿಯ ದೋಷವೇ ಎಲ್ಲಕ್ಕಿಂತ ಸೂಕ್ಷ್ಮ. ವೈಫೈ ಸಾಮಾನ್ಯವಾಗಿ ಬಳಸುವುದು 2.4 ಮತ್ತು 5 ಗಿಗಾಹರ್ಟ್ಸ್ ಅಲೆಗಳನ್ನು. ಮೊದಲನೆಯದರ ಉದ್ದ ಸುಮಾರು 12 ಸೆಂಟಿಮೀಟರು, ಎರಡನೆಯದರದು 6. ಗಿಡ್ಡ ಅಲೆ ಹೆಚ್ಚು ಸುದ್ದಿಯನ್ನು ಹೊರಬಲ್ಲುದು, ಆದರೆ ಗೋಡೆಗೆ ಬೇಗನೆ ಸೋಲುವುದು. ಬೋಸರ ಪೆಟ್ಟಿಗೆಯಂತೆಯೇ ಉಕ್ಕಿನ ಬೀರುವೂ ಅಲೆಯನ್ನು ತಡೆಯುತ್ತದೆ. ಆದುದರಿಂದ ರೌಟರನ್ನು ಬೀರುವಿನ ಹಿಂದೆ ಬಚ್ಚಿಡದೆ ಎತ್ತರದ ತೆರೆದ ಜಾಗದಲ್ಲಿ ಇಡಬೇಕು. ಅಡುಗೆಮನೆಯ ಮೈಕ್ರೋವೇವ್ ಒಲೆ ನಡೆಯುವುದೂ 2.4 ಗಿಗಾಹರ್ಟ್ಸಿನ ಆಸುಪಾಸಿನಲ್ಲಿಯೇ. ಒಲೆ ಉರಿಯುವಾಗ ವೈಫೈ ತಡವರಿಸುವುದು ಅದರಿಂದ. ಒತ್ತೊತ್ತಾಗಿ ವಸತಿಗಳಿರುವ ನಮ್ಮ ಬೀದಿಗಳಲ್ಲಿ ಹತ್ತಾರು ಮನೆಗಳ ರೌಟರುಗಳು ಒಂದೇ ಪಥದಲ್ಲಿ ಕೂಗುತ್ತಿರುವುದೂ ಉಂಟು. ಆಗ 5 ಗಿಗಾಹರ್ಟ್ಸಿಗೆ ಸರಿಯುವುದು, ಇಲ್ಲವೆ 1, 6, 11ನೆಯ ಪಥಗಳಲ್ಲಿ ಸಂದಣಿ ಕಡಮೆಯಿರುವುದನ್ನು ಆರಿಸುವುದು ಉಪಾಯ.

ಮತ್ತೆ ಬೋಸರ ಕಡೆಗೆ ತಿರುಗೋಣ. ತಮ್ಮ ಶೋಧನೆಗಳಿಂದ ಹಣ ಗಳಿಸುವುದು ಅವರಿಗೆ ಹಿಡಿಸಲಿಲ್ಲ. 1901ರಲ್ಲಿ ಲಂಡನ್ನಿನಲ್ಲಿ ನಿಸ್ತಂತು ವ್ಯಾಪಾರಿಯೊಬ್ಬರು ಪೇಟೆಂಟಿನ ಆಸೆ ತೋರಿಸಿದಾಗ ಒಪ್ಪಲಿಲ್ಲ. ಸೋದರಿ ನಿವೇದಿತಾ ಮತ್ತು ಸಾರಾ ಬುಲ್ ಎಂಬ ಮಹಿಳೆಯರ ಒತ್ತಾಯದಿಂದ ಗೆಲೀನಾ ಎಂಬ ಸೀಸದ ಅದಿರಿನ ಗ್ರಾಹಕಕ್ಕೆ ಅಮೆರಿಕದಲ್ಲಿ ಒಂದು ಪೇಟೆಂಟು 1904ರಲ್ಲಿ ಬಂದಿತು. ಅದರ ಲಾಭವನ್ನೂ ಅವರು ಬಯಸಲಿಲ್ಲ. ಇದು ಸರಿಯೆ ಎಂದು ತರ್ಕಿಸಬಹುದು. ಆ ಹಣವಿದ್ದಿದ್ದರೆ ನಮ್ಮ ದೇಶದಲ್ಲಿ ಇನ್ನೆಷ್ಟೋ ಪ್ರಯೋಗಶಾಲೆಗಳು ಏಳುತ್ತಿದ್ದುವೆಂದು ನನಗೆ ತೋರುವುದುಂಟು. ಅದೇನೇ ಇರಲಿ, ಗೆಲೀನಾ ಹರಳು ಮುಂದೆ ಬಡವರ ರೇಡಿಯೋ ಆಯಿತು. 1924ರಲ್ಲಿ ಮದರಾಸು ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ಬು ನಮ್ಮ ಊರಿನಲ್ಲಿ ಪ್ರಸಾರವನ್ನು ಆರಂಭಿಸಿದ ಕಾಲದಲ್ಲಿ, ಹರಳಿನ ಮೇಲೆ ಸೂಜಿಯಂಥ ತಂತಿಯನ್ನು ತಡವುತ್ತ, ಧ್ವನಿ ಕೇಳಿಸುವ ಬಿಂದುವನ್ನು ಹುಡುಕುವ ಗ್ರಾಹಕಗಳು ಲೋಕದಲ್ಲೆಲ್ಲ ಬಳಕೆಯಲ್ಲಿದ್ದುವು.

ಯಂತ್ರದ ದೋಷದ ಬೆನ್ನುಹತ್ತಿದ ಬೋಸರನ್ನು ಆ ದೋಷವೇ ಬೇರೊಂದು ಲೋಕಕ್ಕೆ ಕರೆದೊಯ್ದಿತು. ಸತತವಾಗಿ ದುಡಿಸಿದ ಗ್ರಾಹಕ ಮಂದವಾಗುವುದನ್ನೂ, ಕೆಲಕಾಲ ಸುಮ್ಮನೆ ಬಿಟ್ಟರೆ ಮತ್ತೆ ಚುರುಕಾಗುವುದನ್ನೂ ಅವರು ಕಂಡರು. ದಣಿದ ಸ್ನಾಯುವೂ ಹೀಗೆಯೇ ಅಲ್ಲವೆ? ಲೋಹ, ಸಸ್ಯ, ಪ್ರಾಣಿಗಳ ಪ್ರತಿಕ್ರಿಯೆಗಳನ್ನು ರೇಖೆಗಳಾಗಿ ಬರೆಯಿಸಿ ಹೋಲಿಸಿದರು. 1900ರಲ್ಲಿ ಪ್ಯಾರಿಸ್ಸಿನಲ್ಲಿಯೂ 1901ರಲ್ಲಿ ಲಂಡನ್ನಿನಲ್ಲಿಯೂ ಇದನ್ನು ಮಂಡಿಸಿದಾಗ ಶರೀರಶಾಸ್ತ್ರಜ್ಞರು ಬಲವಾಗಿ ವಿರೋಧಿಸಿದರು. ಅವರ ಪ್ರಬಂಧದ ಪ್ರಕಟಣೆ ನಿಂತಿತು. ಬೋಸರು ಅಳುಕದೆ 1902ರಲ್ಲಿ ತಮ್ಮ ಗ್ರಂಥವನ್ನು ಹೊರತಂದರು. ಬಳಿಕ ಸಸ್ಯಗಳ ಬೆಳವಣಿಗೆಯನ್ನು ಹತ್ತು ಸಾವಿರ ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಯಂತ್ರವನ್ನು ನಿರ್ಮಿಸಿದರು. ಮುಟ್ಟಿದರೆ ಮುನಿ ಗಿಡದಲ್ಲಿ ವಿದ್ಯುತ್ಸಂಕೇತ ಹರಿಯುವುದನ್ನು ಅಳೆದರು. ಅವರ ತೀರ್ಮಾನಗಳೆಲ್ಲವನ್ನೂ ವಿಜ್ಞಾನಲೋಕ ಒಪ್ಪಿದೆಯೆಂದಲ್ಲ. ಅವರ ಅಳತೆಗಳನ್ನು ಗೌರವಿಸಿ ಅರ್ಥವಿವರಣೆಯನ್ನು ಒಪ್ಪದವರೂ ಇದ್ದರು. ಸಸ್ಯಗಳಲ್ಲಿ ವಿದ್ಯುತ್ಸಂಕೇತಗಳಿವೆ ಎಂಬುದು ಮಾತ್ರ ಈಗ ಸರ್ವವಿದಿತ.

ಕವಿ ರವೀಂದ್ರನಾಥ ಠಾಕೂರರು ಅವರ ಆಪ್ತಮಿತ್ರರು; ತ್ರಿಪುರದ ಮಹಾರಾಜರಿಂದ ಅವರಿಗೆ ಧನಸಹಾಯವನ್ನು ಒದಗಿಸುವುದರಲ್ಲಿ ಠಾಕೂರರ ಶ್ರಮವಿತ್ತು. ಬೋಸರೂ ಬಂಗಾಳಿಯಲ್ಲಿ ಸೊಗಸಾಗಿ ಬರೆಯುತ್ತಿದ್ದರು. 1896ರಲ್ಲಿ ಅವರು ಬರೆದ ಒಂದು ಕಥೆಯಲ್ಲಿ, ತಲೆಗೆ ಹಚ್ಚುವ ಎಣ್ಣೆಯ ಶೀಸೆಯನ್ನು ಸಮುದ್ರಕ್ಕೆ ಸುರಿದು ಚಂಡಮಾರುತವನ್ನು ಅಡಗಿಸಲಾಗುತ್ತದೆ! ವರ್ಷವರ್ಷವೂ ಬಂಗಾಳಕೊಲ್ಲಿಯ ಗಾಳಿಮಳೆಯನ್ನು ಕಾಣುವ ನಮಗೆ ಅಂಥ ಶೀಸೆಯೊಂದಿದ್ದರೆ ಉಪಕಾರವಾದೀತು. ಅವರ ಬಂಗಾಳಿ ಲೇಖನಗಳ ಸಂಗ್ರಹ 1921ರಲ್ಲಿ ಪ್ರಕಟವಾಯಿತು. ಸತ್ಯೇಂದ್ರನಾಥ ಬೋಸ್, ಮೇಘನಾದ ಸಾಹಾ ಮೊದಲಾದವರು ಅವರ ತರಗತಿಯಲ್ಲಿ ಕುಳಿತು ಕಲಿತವರು.

1915ರಲ್ಲಿ ನಿವೃತ್ತರಾದ ಬೋಸರು, 1917ರ ನವೆಂಬರ್ 30ರಂದು, ಜೀವಮಾನದ ಉಳಿತಾಯವನ್ನೂ ದಾನಿಗಳ ನೆರವನ್ನೂ ಸೇರಿಸಿ, ಕಲ್ಕತ್ತೆಯಲ್ಲಿ ಬೋಸ್ ಸಂಶೋಧನ ಮಂದಿರವನ್ನು ಸ್ಥಾಪಿಸಿದರು. ಅದೇ ವರ್ಷ ಅವರಿಗೆ ಸರ್ ಪದವಿ ಬಂದಿತು. 1920ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ. 1937ರ ನವೆಂಬರ್ 23ರಂದು, ಎಪ್ಪತ್ತೊಂಬತ್ತು ತುಂಬಲು ಒಂದು ವಾರವಿರುವಾಗ, ಗಿರಿಡೀಹ್ ಎಂಬ ಊರಿನಲ್ಲಿ ಅವರು ಕಾಲವಾದರು. ಅಬಲಾದೇವಿಯವರು 1951ರವರೆಗೂ ಬದುಕಿದ್ದು ಹೆಣ್ಣುಮಕ್ಕಳ ಹಾಗೂ ವಿಧವೆಯರ ವಿದ್ಯಾಭ್ಯಾಸಕ್ಕಾಗಿ ದುಡಿದರು.

ಬೋಸರು ಸ್ನಾನದ ಕೋಣೆಯ ಪಕ್ಕದಲ್ಲಿ ಉಂಟುಮಾಡಿದ 5 ಮಿಲಿಮೀಟರ್ ಅಲೆ ಸುಮಾರು 60 ಗಿಗಾಹರ್ಟ್ಸಿನದು. ಅಷ್ಟು ಗಿಡ್ಡ ಅಲೆಯನ್ನು ಬಳಸುವ ವೈಫೈ ಈ ಶತಮಾನದಲ್ಲಿ ಬಂದಿದೆ. ಒಂದು ಕೋಣೆಯೊಳಗೆ ಅದು ಅತಿವೇಗ, ಗೋಡೆಯನ್ನು ಮಾತ್ರ ದಾಟಲಾರದು. ಮಿಲಿಮೀಟರ್ ಅಲೆಗಳಿಂದ ಆಕಾಶವನ್ನು ನೋಡುವ 10.4 ಮೀಟರ್ ವ್ಯಾಸದ ದೂರದರ್ಶಕವೊಂದನ್ನು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕಟ್ಟಿದ್ದರು. ಬೋಸರ ಕೊಂಬಿನಾಕಾರದ ಪ್ರೇಷಕ, ಸುರುಳಿಯ ಗ್ರಾಹಕ, ತಗಡಿನ ಹಾಳೆಗಳ ಪುಸ್ತಕ ಮೊದಲಾದ ಉಪಕರಣಗಳನ್ನು ಕೋಲ್ಕತ್ತದ ಬೋಸ್ ಮಂದಿರದಲ್ಲಿ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದಾರೆ.